ಭಾಲುಕಾಕಾರ ಹೆಬ್ಬೆರಳು

ಮಿರಜಿನ ನಮ್ಮ ಗಲ್ಲಿಯಲ್ಲಿ ಯಾರಾದರೂ ತೀರಿಕೊಂಡರೆ ಮೊದಲು ತಿಳಿಯುವುದು ಮನೆಯವರಿಗೆ, ಆಮೇಲೆ ಭಾಲುಕಾಕಾರಿಗೆ. ಪೂರ್ತಿ ಹೆಸರು ಭಾಲಚಂದ್ರ ಶಿರಾಳಕರ. ಮೂವತ್ತೊಂದು ವರ್ಷ ಬಸ್ ಸ್ಟ್ಯಾಂಡಿನ ಮೈಕಿನಲ್ಲಿ ಯಾವ ಬಸ್ಸು, ಎಲ್ಲಿಗೆ, ಎಷ್ಟು ಗಂಟೆಗೆ ಎಂದು ಕೂಗಿದವರು. ನಿವೃತ್ತರಾದ ಮೇಲೆ ಗಲ್ಲಿಯ ವಾಟ್ಸಾಪ್ ಗುಂಪಿನಲ್ಲಿ ಅದೇ ಕೆಲಸ ಮುಂದುವರಿಸಿದರು: ಯಾರು ಹೊರಟರು, ಯಾವ ಮನೆಯಿಂದ, ಎಷ್ಟು ಗಂಟೆಗೆ. ಅಳುವಿಲ್ಲ, ಹೊಗಳಿಕೆಯಿಲ್ಲ. ನನಗೆ ಆ ಬರವಣಿಗೆ ಬಹಳ ಇಷ್ಟ.

ಅವರ ಮೊಬೈಲಿಗೂ ಅದು ಬಾಯಿಪಾಠವಾಗಿತ್ತು. ಹೆಸರು ಬರೆದು ‘ಅವರ’ ಎಂದರೆ ಸಾಕು, ಅಕ್ಷರಗಳ ಮೇಲೆ ಮೂರು ಪದ ಮೂಡುತ್ತಿದ್ದವು. ನಡುವಿನದು ‘ದುಃಖದ’. ಒತ್ತಿದರೆ ‘ನಿಧನ’. ಒತ್ತುತ್ತ ಹೋದರೆ ‘ಅಂತ್ಯಯಾತ್ರೆ ಬೆಳಗ್ಗೆ ಹತ್ತಕ್ಕೆ’. ಕಾಕಾ ನೋಡುತ್ತಲೂ ಇರಲಿಲ್ಲ.

“ನೋಡಿ ಒತ್ರಿ ಕಾಕಾ,” ಎಂದು ನನ್ನ ಹಿಟ್ಟಿನ ಗಿರಣಿಗೆ ಬಂದಾಗ ಒಮ್ಮೆ ಹೇಳಿದೆ.

“ನೀ ಸುಮ್ನ ಜ್ವಾಳ ಬೀಸು. ನಾ ಏನ್ ಮೈಕ್ ನೋಡಿ ಮಾತಾಡ್ತಿದ್ನೇನು?”

ತಾತ್ಯಾಸಾಹೇಬ ಹಳಿಂಗಳೆ ಅದೇ ಬಸ್ ಡಿಪೋದ ಕಂಡಕ್ಟರ್, ಕಾಕಾರ ಜೀವದ ಗೆಳೆಯ, ಮನೆ ಎರಡು ಬಾಗಿಲು ಆಚೆ. ಆದರೆ ಎಂಟು ವರ್ಷದಿಂದ ಮಾತಿರಲಿಲ್ಲ. ಕಾಕಾರ ಮಗಳ ಮದುವೆಯಲ್ಲಿ ಹಿರಿಯರನ್ನು ಕರೆದು ತಲೆಗೆ ಮಾನದ ಫೇಟಾ ಕಟ್ಟುವಾಗ ತಾತ್ಯಾರ ಹೆಸರು ಕೂಗುವುದೇ ಮರೆತುಹೋಯಿತು. ಜೀವಮಾನವೆಲ್ಲ ಹೆಸರು ಕೂಗಿದವನು ನನ್ನದನ್ನೇ ಬಿಟ್ಟನಲ್ಲ ಎಂದು ತಾತ್ಯಾ ಊಟ ಮಾಡದೆ ಎದ್ದು ಹೋದರು. ಅವರಿಗೆಂದು ತಂದ ಕೇಸರಿ ಫೇಟಾ ಕಾಕಾರ ಟ್ರಂಕಿನಲ್ಲೇ ಉಳಿಯಿತು.

ತಾತ್ಯಾರಿಗೆ ಎಪ್ಪತ್ತೈದು ತುಂಬಿದ ದಿನ ಕಾಕಾ ಸೋತರು. ತಾನೇ ಮೊದಲು ಮಾತಾಡಬೇಕು, ಅದೂ ಎಲ್ಲರೆದುರು ಎಂದುಕೊಂಡು ಬೆಳಗ್ಗೆ ಗುಂಪಿನಲ್ಲಿ ಹೆಸರು ಬರೆದರು. ‘ಅವರ’ ಎಂದೂ ಬರೆದರು. ಮುಂದೆ ಹುಟ್ಟುಹಬ್ಬ ಬರಬೇಕಿತ್ತು. ಹೆಬ್ಬೆರಳು ತನ್ನ ಹಳೆಯ ದಾರಿ ಹಿಡಿಯಿತು. ಕಳಿಸಿ ಸ್ನಾನಕ್ಕೆ ಹೋದರು. ಪೂಜೆ ಮುಗಿಯುವಷ್ಟರಲ್ಲಿ ಸುದ್ದಿ ಹನ್ನೊಂದು ಗುಂಪು ಸುತ್ತಿತ್ತು.

ತಾತ್ಯಾರ ಮುಚ್ಚಿದ ಬಾಗಿಲೆದುರು ನಾವೆಲ್ಲ ಹಾರ ಹಿಡಿದು ನಿಂತಿದ್ದೆವು. ಕಾಕಾ ಬರೆದ ಮೇಲೆ ವಿಚಾರಿಸುವವರು ಯಾರು? ಅಷ್ಟರಲ್ಲಿ ಕಾಕಾ ಬಂದರು, ಕಂಕುಳಲ್ಲಿ ಆ ಫೇಟಾ. ನಮ್ಮನ್ನು ನೋಡಿ ಮುಖ ಬಿಳುಚಿಕೊಂಡಿತು.

“ಯಾವಾಗ ಹೋದ್ನೋ?” ಎಂದು ನನ್ನ ತೋಳು ಹಿಡಿದರು.

“ನೀವ ಬರ್ದೀರಲ್ಲ ಕಾಕಾ!”

ಗದ್ದಲ ಕೇಳಿ ತಾತ್ಯಾ ಹೊರಬಂದರು, ಅರ್ಧ ಕೆನ್ನೆಗೆ ಸೋಪಿನ ನೊರೆ. ನಾನು ಮೊಬೈಲ್ ತೋರಿಸಿದೆ. ಓದಿದರು.

“ಲೇ ಭಾಲ್ಯಾ, ಎಂಟ್ ವರ್ಷಕ್ಕ ನನ್ನ ಹೆಸರು ಕೂಗಿದಿ, ಅದೂ ಇದಕ್ಕೇನೋ?”

“ತಪ್ಪಾತೋ ತಾತ್ಯಾ. ಆವತ್ತೂ ತಪ್ಪಾತು, ಇವತ್ತೂ ತಪ್ಪಾತು.” ಕಾಕಾ ಮಗುವಿನಂತೆ ಅತ್ತರು. ಅಳುತ್ತಲೇ ತಾತ್ಯಾರ ತಲೆಗೆ ಫೇಟಾ ಸುತ್ತತೊಡಗಿದರು.

“ಬಿಗೀ ಕಟ್ಟು. ಹಾರ ತಂದೋರು ಹಾಕಿ ಹೋಗ್ರಿ, ದುಡ್ಡು ಯಾಕ ದಂಡ!”

ಅಂದು ಕಾಕಾ ಹನ್ನೊಂದು ಗುಂಪಿಗೂ ಒಂದೊಂದೇ ಅಕ್ಷರ ಒತ್ತಿ ಬರೆದರು: ತಾತ್ಯಾಸಾಹೇಬ ಹಳಿಂಗಳೆ ಬದುಕಿದ್ದಾರೆ. ತಾತ್ಯಾ ಅಷ್ಟಕ್ಕೆ ಬಿಡುವ ಆಸಾಮಿಯಲ್ಲ. ದಿನಾ ಬೆಳಗ್ಗೆ ಕಟ್ಟೆಯ ಮೇಲೆ ಚಹಾ ಕುಡಿಯುತ್ತ, “ಭಾಲ್ಯಾ, ಇವತ್ತಿಂದು ಹಾಕು,” ಎನ್ನುವರು. ಕಾಕಾ ಅದೇ ಸಾಲು ಹಾಕುವರು. ಮೂರು ವರ್ಷ ನಮ್ಮ ಗಲ್ಲಿಗೆ ಬೆಳಗಾದದ್ದು ಆ ಸುದ್ದಿಯಿಂದಲೇ.

ಕಳೆದ ಶ್ರಾವಣದಲ್ಲಿ ತಾತ್ಯಾ ನಿಜಕ್ಕೂ ಹೋದರು. ಕಾಕಾ ಗಿರಣಿಗೆ ಬಂದು ಕೂತು ಹೆಸರು ಬರೆದರು. ನಡುವಿನ ಪದ ಮೂಡಿತು: ಬದುಕಿದ್ದಾರೆ. ಅಳಿಸಿ ಮತ್ತೆ ಬರೆದರು. ಮತ್ತೆ ಅದೇ. ಮೊಬೈಲನ್ನು ನನ್ನ ಕೈಯಲ್ಲಿಟ್ಟರು.

“ಇದೊಂದು ನೀ ಬರಿಯೋ. ಅವಂಗ ಫೇಟಾ ಕಟ್ಟಿ ಒಯ್ಯೂದೈತಿ, ಒಂದರ್ಧ ತಾಸು ತಡಾ ಆಗ್ತೈತಿ ಅಂತ ಹಾಕು.”