ಮೆಟ್ಟಿಲಿಲ್ಲದ ಕಾಂಪ್ಲೆಕ್ಸು

ಒದ್ದೆ ಗೋಣಿಚೀಲ ಹೊದಿಸಿದ ಹೊಸ ಸಿಮೆಂಟಿನ ವಾಸನೆ... ಮೊನ್ನೆ ಅದು ಮೂಗಿಗೆ ಬಡಿದದ್ದೇ ತಡ, ನಮ್ಮ ಹಳೇ ಮಾಲಕರು ನೆನಪಾದರು. ಶಿರಸಿಯಲ್ಲಿ ಎಲ್ಲರಿಗೂ ಅವರು ಸಾಹೇಬರು. ನನಗೂ ಅಷ್ಟೇ.

ತೊಂಬತ್ತರ ದಶಕದ ಮೊದಲಿಗೆ ಯಲ್ಲಾಪುರ ರಸ್ತೆಯಲ್ಲಿ ಅವರದೊಂದು ಹಂಚಿನ ಅಂಗಡಿ ಸಾಲು ಇತ್ತು. ಹೂವಿನಂಗಡಿ, ಗಡಿಯಾರ ರಿಪೇರಿ, ನನ್ನ ನೋಟ್‌ಬುಕ್ಕು ಪೆನ್ನಿನ ಅಂಗಡಿ, ಕೊನೆಗೊಂದು ಸೈಕಲ್ ಶಾಪು. ಅರಬೈಲ್ ಘಟ್ಟ ಹತ್ತಿಳಿಯುತ್ತಿದ್ದ ತಮ್ಮ ಲಾರಿಗಳನ್ನು ಮಾರಿ ಸಾಹೇಬರು ಅಲ್ಲಿ ಕಾಂಪ್ಲೆಕ್ಸು ಕಟ್ಟಲು ಹೊರಟರು.

"ಹಳೇದು ಒಡೀತೆ, ಆದ್ರೆ ಯಾರನ್ನೂ ಕೈಬಿಡೂದಿಲ್ಲ. ಅದೇ ಜಾಗಕ್ಕೆ ಅದೇ ಅಂಗಡಿ. ಮೂರನೇದು ನಿಂದೇ ತಂಗಿ" ಎಂದರು. ನಾವು ನಾಲ್ವರೂ ಎದುರಿನ ತಗಡಿನ ಶೆಡ್ಡಿಗೆ ಹೋದೆವು.

ಕಟ್ಟಡ ಏಳುವುದೆಂದರೆ ಏನು ಗೋಳಪ್ಪ! ಹಿಂದಿನ ತುಂಡು ಇನ್ನೂ ಗದ್ದೆಯೆಂದೇ ದಾಖಲೆಯಲ್ಲಿತ್ತು. ಅದನ್ನು ಬಿನ್‌ಶೇತ್ಕಿ ಮಾಡಿಸಲು, ಅಂದರೆ ಕೃಷಿಯೇತರ ಜಾಗವೆಂದು ಬರೆಸಲು, ಸಾಹೇಬರು ಕಚೇರಿ ಕಚೇರಿ ಅಲೆದರು. ನಕ್ಷೆ ಪಾಸಾಗಲು ಮತ್ತೆ ಅಲೆದಾಟ. ಪಾಯ ತೋಡುವಾಗ ಇಂಜಿನಿಯರು, "ಸಾಹೇಬ್ರೆ, ಎತ್ತರ ಮಾಡುವಾ, ಮುಂದೆ ಮೆಟ್ಲು ಬರ್ಲಿ" ಎಂದ. ಸಾಹೇಬರು ಸುತರಾಂ ಒಪ್ಪಲಿಲ್ಲ.

"ನಮ್ ಗಿರಾಕಿ ಎಲ್ಲ ವಯಸ್ಸಾದವ್ರು ಮಾರಾಯ. ರಸ್ತೆಯಿಂದ ತೆಗೆದ ಕಾಲು ಅಂಗಡೀಲೇ ಬೀಳ್ಬೇಕು."

ಹಳೇ ಸಾಲು ಹಾಗೇ ಇತ್ತಲ್ಲ, ಅದೇ ಅವರ ತಲೆಯಲ್ಲಿ ಕೂತಿತ್ತು.

ಕಂಬಗಳು ಎದ್ದು, ಸರಳು ತುಕ್ಕು ಹಿಡಿದು, ಮಳೆಗಾಲಗಳು ಬಂದು ಹೋದವು. ಸ್ಲ್ಯಾಬು ಬಿದ್ದು ಶಟರು ಕೂರುವಷ್ಟರಲ್ಲಿ ಹೂವಿನವಳು ದಾಸನಕೊಪ್ಪದ ತವರು ಸೇರಿದ್ದಳು. ಗಡಿಯಾರದವರಿಗೆ ಕಣ್ಣು ಮಂಜಾಗಿತ್ತು. ಸೈಕಲ್ಲಿನವನು ಬೇರೆ ಕಡೆ ನೆಲೆಯೂರಿದ್ದ. ಮರಳಿ ಹೋದವಳು ನಾನೊಬ್ಬಳೇ. ಬೀಗದ ಕೈ ಕೊಡುವಾಗ ಸಾಹೇಬರು ಉಳಿದ ಮೂರು ಶಟರುಗಳನ್ನೇ ನೋಡುತ್ತಿದ್ದರು.

ಆಮೇಲೆ ಶುರುವಾಯಿತು ನೋಡಿ. ಹಳೇ ಟಾರಿನ ಮೇಲೆ ಹೊಸ ಟಾರು ಹಾಕುತ್ತ ಹಾಕುತ್ತ ರಸ್ತೆ ನಮ್ಮ ಹೊಸ್ತಿಲಿಗಿಂತ ಮೇಲಾಯಿತು. ಮಳೆ ಬಂದರೆ ನೀರೆಲ್ಲ ಒಳಗೆ. ಬೆಳಿಗ್ಗೆ ಸಾಹೇಬರು ಪೈಜಾಮ ಮಡಚಿಕೊಂಡು, ಕಸಬರಿಗೆ ಹಿಡಿದು ನೀರು ತಳ್ಳುತ್ತಿದ್ದರು. ಬಾಡಿಗೆಗೆ ಕೇಳಲು ಬಂದವರು ಗೋಡೆಯ ಪಸೆ ನೋಡಿ ಹಿಂದಿರುಗುತ್ತಿದ್ದರು.

ಒಮ್ಮೆ ಕಸಬರಿಗೆ ಊರಿ ನಿಂತು, "ಸಾಕಾಯ್ತು ತಂಗಿ" ಎಂದರು.

ಕೊನೆಗೆ ಮಾರಿದರು. ಕೊಂಡವನಿಗೆ ನನ್ನೆದುರೇ ಒಂದು ಮಾತು ಹೇಳಿದರು: "ನೀನು ಎಂತ ಬೇಕಾದ್ರೂ ಕಟ್ಟು. ಮೂರನೇ ಅಂಗಡಿ ಮಾತ್ರ ಈ ತಂಗೀದು." ಮುಂದಿನ ಮಳೆಗಾಲ ನೋಡಲು ಸಾಹೇಬರು ಇರಲಿಲ್ಲ...

ಕೊಂಡವನು ಬಹಳ ವರ್ಷ ಹಾಗೇ ನಡೆಸಿ, ಈಗ ಎಲ್ಲ ಕೆಡವಿ ಮಹಡಿ ಮೇಲೆ ಮಹಡಿ ಏರಿಸಿದ್ದಾನೆ. ಪುಣ್ಯಾತ್ಮ, ಮಾತು ತಪ್ಪಲಿಲ್ಲ. ಮೂರನೇ ಅಂಗಡಿ ನನಗೇ ಬಂತು. ನೀರು ಬರದ ಹಾಗೆ ಪಾಯವನ್ನು ಆಳೆತ್ತರ ಮಾಡಿದ್ದಾನೆ.

ಮೊನ್ನೆ ನೋಡಲು ಹೋದೆ. ನನಗೂ ಈಗ ಮೊಣಕಾಲು ನೋವು. ಮೆಟ್ಟಿಲು ಅರ್ಧ ಹತ್ತಿ ಅಲ್ಲೇ ಕುಳಿತೆ. ಸಾಹೇಬರಿದ್ದಿದ್ದರೆ ಇದನ್ನು ಕಟ್ಟಿದ ಇಂಜಿನಿಯರನಿಗೆ ಸರೀ ಬೈಯುತ್ತಿದ್ದರು. ನನ್ನ ಪರವಾಗಿ ಬೈಯಲು ಈಗ ಯಾರೂ ಇಲ್ಲ.