ಮುನ್ಸಾಮಿ ಕೊಟ್ಟ ಮಿಲಿಟ್ರಿ ಬಿಸ್ಕತ್ತು

ಈಗ ಹೇಳೋದನ್ನ ನೀವ್ಯಾರೂ ನಂಬಲ್ಲ. ನಮ್ಮಮ್ಮನಾಣೆ ಇಟ್ರೂ ನಂಬಲ್ಲ. ಆದ್ರೂ ಹೇಳ್ತೀನಿ.

ಮೂರ್ನಾಲ್ಕು ವರ್ಷದ ಹಿಂದಿನ ಮಾತು, ಆಗಿನ್ನೂ ಜಪಾನ್ ಮೇಲಿನ ಯುದ್ಧ ಮುಗಿದಿರ್ಲಿಲ್ಲ. ಹಲಸೂರಲ್ಲಿ ಎತ್ತ ಕಲ್ಲೆಸೆದ್ರೂ ಒಬ್ಬ ಸೋಲ್ಜರ್ ತಲೆ ಮೇಲೇ ಬೀಳೋದು. ಬೆಳಿಗ್ಗೆ ಅವರ ಬೂಟ್ಸ್ ಸದ್ದಿಗೆ ನಮ್ಮನೆ ಗೋಡೆ ಮೇಲಿನ ದೇವರ ಪಟಗಳೂ ಲೆಫ್ಟ್ ರೈಟ್ ಹಾಕ್ತಿದ್ವು. ನೋಡಿ ನೋಡಿ ನಮ್ಮ ಬೀದಿ ನಾಲ್ಕು ಹುಡುಗರಿಗೂ ಹುಚ್ಚು ಹತ್ಕೊಂಡ್ತು. ಒಂದು ಪಟಾಲಂ ಕಟ್ಟೇಬಿಟ್ವಿ.

ಪಟಾಲಂ ಅಂದ್ಮೇಲೆ ಕ್ಯಾಪ್ಟನ್ ಬೇಕಲ್ಲ. ಬುದ್ಧಿ ನೋಡಿದ್ರೆ ನಾನಾಗ್ಬೇಕಿತ್ತು. ಶಕ್ತಿ ನೋಡಿದ್ರೆ ಕಲಾಯಿ ಅಂಗಡಿ ಬಾಷಾ. ಸೌದೆ ಡಿಪೋ ಗೋಪಿ ಆಗಿದ್ರೂ ಸಹಿಸ್ಕೋಬಹುದಿತ್ತು. ಆದದ್ದು ಮುನ್ಸಾಮಿ! ಸುರಿಯೋ ಮೂಗು ಒರೆಸ್ಕೊಳ್ಳೋಕೂ ಅವರಿವರನ್ನ ಕೇಳೋ ಗಿರಾಕಿ. ಯಾಕೆ ಅವನು ಅಂದ್ರೆ, ನಮ್ಮಲ್ಲಿ ಅವನೊಬ್ಬನಿಗೇ ಇಂಗ್ಲಿಷ್ ಬರ್ತಿತ್ತು. ಅವರಪ್ಪ ಬಿಳೀ ದೊರೆ ಬಂಗಲೆಲಿ ಕೆಲಸಕ್ಕಿದ್ರು.

"ಅಲ್ಲೇನು ಕೆಲಸನೋ?" ಅಂದ್ರೆ, "ಟ್ರೇನಿಂಗ್ ಕೊಡ್ತಾರೆ ಕಣೋ" ಅಂತ ಎದೆ ಉಬ್ಬಿಸೋನು.

ನಮಗೂ ಟ್ರೇನಿಂಗ್ ಶುರು ಮಾಡ್ದ. "ಸಿಟ್!" ಅಂತ ಕೂಗಿ, ಹೇಗೆ ಅಂತ ತಾನೇ ತೋರಿಸ್ದ. ಕುಕ್ಕರಗಾಲಲ್ಲಿ ಕೂತು ಎರಡೂ ಕೈ ಮುಂದಕ್ಕೆ ನೆಲಕ್ಕೂರಬೇಕು. ಊರಿದ್ವಿ. "ಹೀಲ್!" ಅಂದ್ರೆ ಅವನ ಹಿಮ್ಮಡಿಗೆ ಅಂಟ್ಕೊಂಡೇ ನಡೀಬೇಕು. ನಡೆದ್ವಿ. ಸರಿಯಾಗಿ ಮಾಡ್ದೋನಿಗೆ "ಗುಡ್ ಬಾಯ್" ಅಂತ ತಲೆ ಸವರಿ, ಜೇಬಿಂದ ಒಂದು ಮಿಲಿಟ್ರಿ ಬಿಸ್ಕತ್ತು ಕೊಡೋನು. ಇಟ್ಟಿಗೆಯಷ್ಟು ಗಟ್ಟಿ, ಮೀನೆಣ್ಣೆ ವಾಸನೆ. ಸಕ್ಕರೆಗೂ ರೇಷನ್ ಇದ್ದ ಕಾಲ ಸ್ವಾಮಿ, ಅರ್ಧ ಗಂಟೆ ಚೀಪ್ತಿದ್ವಿ.

ಮೊದಲನೇ ದಿನ ಬಾಷಾ ಕೂರಲೇ ಇಲ್ಲ. "ಅರೆ, ಯಾವ ಸೋಲ್ಜರ್ ಹೀಗೆ ಕೂರ್ತಾನೋ? ನಾನಂತೂ ನೋಡಿಲ್ಲ."

ಕ್ಯಾಪ್ಟನ್ ಬಯ್ಯೋದೇ ಬೇಕಿರ್ಲಿಲ್ಲ. ನಾನೂ ಗೋಪಿನೂ ಕೂತಲ್ಲಿಂದಲೇ ಬೊಗಳಿದ್ವಿ: "ದ್ರೋಹಿ! ಜಪಾನ್ ಕಡೆಯೋನು! ಆಚೆ ಹೋಗೋ!" ಹೋದ. ಎರಡು ದಿನ ದೂರದಿಂದ ನಮ್ಮ ಬಾಯನ್ನೇ ನೋಡ್ತಾ ನಿಂತಿದ್ದ. ಮೂರನೇ ದಿನ ಬಂದು ಕೂತ. ಆಮೇಲೆ ನಮ್ಮೆಲ್ಲರಿಗಿಂತ ನೆಟ್ಟಗೆ ಕೂರ್ತಿದ್ದೋನು ಅವನೇ. ಥೂ!

ಒಂದು ಭಾನುವಾರ ಮುನ್ಸಾಮಿ ಹೊಸ ಹುದ್ದೆ ಸಾರಿದ. ಸುಬೇದಾರ್! ಸುಬೇದಾರನಿಗೆ ದಿನಾ ಎರಡು ಬಿಸ್ಕತ್ತು, ಮಿಕ್ಕಿದ ಇಬ್ಬರು ಅವನ ಮುಂದೆನೂ ಕೂರ್ಬೇಕು. ಆ ಇಬ್ಬರು ಪೆದ್ದರ ಮುಂದೆ ನಾನು ಕೂರೋದಾ? ಪ್ರಾಣ ಹೋದ್ರೂ ಇಲ್ಲ ಅಂದ್ಕೊಂಡೆ.

ಅವನು ಕೆರೆ ಕಡೆಗೆ ಒಂದು ಕೋಲು ಬೀಸಿ ಒಗೆದ. "ಫೆಚ್! ಮೊದ್ಲು ತಂದೋನು ಸುಬೇದಾರ್. ಸೋಲ್ಜರ್ ಕೈಯಲ್ಲಿ ಬಂದೂಕಿರುತ್ತೆ, ಅದಕ್ಕೇ ಹಲ್ಲಲ್ಲಿ ಕಚ್ಕೊಂಡು ತರ್ಬೇಕು."

ಓಡಿದೆ ನೋಡಿ! ಮಿಲಿಟ್ರಿ ಲಾರಿನೂ ಹಿಂದೆ ಬಿತ್ತು. ಗೋಪಿ ನನ್ನ ಚಡ್ಡಿ ಜಗ್ಗಿದ, ಬಾಷಾ ಕಾಲು ಕೊಟ್ಟು ಬೀಳಿಸ್ದ. ಆದ್ರೂ ಕೋಲು ಕಚ್ಕೊಂಡು, ಜೊಲ್ಲು ಸುರಿಸ್ತಾ ನಾನೇ ಮೊದ್ಲು ಬಂದೆ. ಮುನ್ಸಾಮಿ ನನ್ನ ತಲೆ ಮೇಲೆ ಕೈಯಿಟ್ಟ. "ಗುಡ್..."

"ಯಾವನ್ಲಾ ಅವ್ನು, ಟಾಮಿ ಬಿಸ್ಕತ್ತು ಕದ್ದೋನು?"

ಮುನ್ಸಾಮಿ ಅಪ್ಪ! ಕೈಯಲ್ಲಿ ಸರಪಳಿ, ಅದರ ತುದಿಲಿ ಕರುವಿನಷ್ಟು ಎತ್ತರದ ದೊರೆ ನಾಯಿ. ಮಗನ ಜೇಬಿನ ವಾಸನೆ ಹಿಡಿದು ಅದು ಎಗರ್ತು. ಅವರು ಗುಡುಗಿದ್ರು: "ಸಿಟ್!"

ನಾಯಿ ಕೂತ್ಕೊಳ್ತು. ಬಾಷಾ ಕೂತ. ಗೋಪಿ ಕೂತ. ಬಾಯಲ್ಲಿ ಕೋಲಿಟ್ಕೊಂಡೇ ನಾನೂ ಕೂತೆ. ಎಲ್ಲರಿಗಿಂತ ಮೊದ್ಲು ಕೂತಿದ್ದು ಮಾತ್ರ ಕ್ಯಾಪ್ಟನ್ ಮುನ್ಸಾಮಿ.

ಅವರು ನಾಯಿನೊಂದ್ಸಲ, ನಮ್ಮನ್ನೊಂದ್ಸಲ ನೋಡಿದ್ರು. "ಇದಕ್ಕೆ ಕಲಿಸೋಕೆ ನಂಗೆ ಆರು ತಿಂಗಳು ಹಿಡೀತಲ್ರೋ!"

ಮಗನ ಜೇಬಿಂದ ನನ್ನ ಬಿಸ್ಕತ್ತು ತೆಗೆದು ಟಾಮಿಗೆ ಹಾಕಿದ್ರು. ಒಂದು ಕೈಲಿ ಸರಪಳಿ, ಇನ್ನೊಂದರಲ್ಲಿ ಮುನ್ಸಾಮಿ ಕಿವಿ ಹಿಡ್ಕೊಂಡು ಹೊರಟ್ರು. ಟಾಮಿ ಅವರ ಹಿಮ್ಮಡಿ ಪಕ್ಕದಲ್ಲೇ ಠೀವಿಯಾಗಿ ನಡೀತು. ಕ್ಯಾಪ್ಟನ್ನಿಗೆ ಅದೂ ಬರಲಿಲ್ಲ.

ಪಟಾಲಂ ಅಲ್ಲಿಗೆ ಮುಗೀತು. ಈಗ್ಲೂ ಸ್ಕೂಲಲ್ಲಿ ಮಾನಿಟರು, ಬೀದಿಲಿ ಲೀಡರು, ಸಿಕ್ಕಿದೋರೆಲ್ಲ ಕೂರು ಅಂತಾರೆ, ನಾವೂ ಕೂರ್ತೀವಿ. ಬಿಸ್ಕತ್ತು ಮಾತ್ರ ಒಬ್ಬನೂ ಕೊಡಲ್ಲ.