ಕ್ಯಾತಣ್ಣ ಓದಿದ ಹಲಗೆ

ಬಡವನಹಳ್ಳಿ ಪಕ್ಕದ ಹಟ್ಟಿಯ ಕುರಿಗಾರ ಕ್ಯಾತಣ್ಣನಿಗೆ ತಲೆ ನರೆಯುವ ಹೊತ್ತಿಗೆ ಅಕ್ಷರದ ಹುಚ್ಚು ಹಿಡಿಯಿತು. ಪುರಾಣ ಓದಿ ಪುಣ್ಯ ಕಟ್ಟಿಕೊಳ್ಳುವ ಆಸೆಯೇನೂ ಅವನಿಗಿರಲಿಲ್ಲ. ಅವನಿಗೆ ಓದಬೇಕಾಗಿದ್ದದ್ದು ಒಂದೇ ಒಂದು ಹಲಗೆ. ಪ್ರತಿ ಬೇಸಗೆ ಕುರಿ ಹೊಡೆದುಕೊಂಡು ಪಾವಗಡದ ಕಡೆಗೆ ಹೋದಾಗ ಸರ್ಕಾರಿ ಹುಲ್ಲುಗಾವಲಿನ ಬಾಯಲ್ಲೇ ಅದು ನಿಂತಿರುತ್ತಿತ್ತು. ಕಾವಲುಗಾರ ಅಡವಯ್ಯ ಅದರತ್ತ ಕೈ ತೋರಿಸಿ, "ಕುರಿ ಬುಡಂಗಿಲ್ಲ ಅಂತ ಬರ್ದೈತೆ ಕಣ್ಲಾ" ಎನ್ನುತ್ತಿದ್ದ. ಒಂದು ಮರಿ ಕೈಗೆ ಬಂದರೆ ಹಲಗೆಯನ್ನು ಮರೆಯುತ್ತಿದ್ದ. ನಿಷೇಧ ಮೇಕೆಗೆ ಮಾತ್ರ, ಕುರಿಗಲ್ಲ ಎಂದು ಸಂತೆಯಲ್ಲಿ ಯಾರೋ ಹೇಳಿದ್ದರಿಂದ ಕ್ಯಾತಣ್ಣ ವರ್ಷವರ್ಷವೂ ಜಗಳವಾಡುತ್ತಿದ್ದ. "ಅಂಗಾರೆ ಓದ್ಲಾ" ಎಂದು ಅಡವಯ್ಯ ಸವಾಲು ಹಾಕಿದರೆ ಮಾತ್ರ ಮರಿ ಬಿಟ್ಟುಕೊಡುತ್ತಿದ್ದ.

ಅಷ್ಟರಲ್ಲಿ ಮಹಾರಾಜರ ಸರ್ಕಾರ ದೊಡ್ಡವರಿಗೂ ಅಕ್ಷರ ಕಲಿಸಲು ಹೊರಟಿತು. ಊರ ಚಾವಡಿಗೆ ಲಾಟೀನು, ಸ್ಲೇಟು ಬಂದವು. ಹಗಲೆಲ್ಲ ಮಕ್ಕಳ ಜೊತೆ ಗಂಟಲು ಹರಿದುಕೊಂಡ ರೇಣುಕಯ್ಯ ಮೇಷ್ಟ್ರು ಸಂಜೆ ಅವರಪ್ಪಂದಿರಿಗೂ ಹೇಳಿಕೊಡಬೇಕಾಯಿತು. ತರಗತಿ ಮಾಘದಿಂದ ಮುಂಗಾರಿನವರೆಗೆ, ರೈತರಿಗೆ ಬಿಡುವಿರುವ ಕಾಲದಲ್ಲಿ ಎಂದು ಹುಕುಂ. ಬರೆದವರು ಬುದ್ಧಿವಂತರೇ ಇರಬೇಕು. ಆದರೆ ಒಕ್ಕಣೆ ಮುಗಿದು ರೈತ ಕಾಲು ಚಾಚುವಾಗಲೇ ಕುರಿಯವನು ಮೇವು ಹುಡುಕಿಕೊಂಡು ಊರು ಬಿಡುತ್ತಾನೆಂಬುದು ಕುರ್ಚಿಯ ಮೇಲೆ ಕೂತವರಿಗೆ ಹೇಗೆ ತಿಳಿಯಬೇಕು?

ಕ್ಯಾತಣ್ಣ ಅ, ಆ ತಿದ್ದುವಷ್ಟರಲ್ಲಿ ಹುಲ್ಲು ಒಣಗಿತು. ಮಳೆಗೆ ಮರಳಿದಾಗ ಚಾವಡಿಗೆ ಬೀಗ. ಮರುವರ್ಷವೂ ಅದೇ ಅ, ಅದೇ ಆ.

"ಮಳೆಗಾಲ್ದಾಗೆ ಹೇಳ್ಕೊಡಿ ಸ್ವಾಮಿ, ಆವಾಗ ನಾವು ಇಲ್ಲೇ ಇರ್ತೀವಿ" ಎಂದು ಮೇಷ್ಟ್ರನ್ನು ಬೇಡಿದ.

ರೇಣುಕಯ್ಯ ಒಳ್ಳೆಯ ಮನುಷ್ಯ, ಮೇಲಕ್ಕೆ ಬರೆದು ಕೇಳಿದರು. ತರಗತಿ ಬಿಡುವಿನ ಕಾಲದಲ್ಲೇ ನಡೆಯತಕ್ಕದ್ದು ಎಂದು ಉತ್ತರ ಬಂತು. ಪೂಜಾರಿ ಒಪ್ಪಿದರೂ ದೇವರು ವರ ಕೊಡಲಿಲ್ಲ. ಮೂರನೆಯ ವರ್ಷ ಇನ್ನೊಂದು ಸುದ್ದಿ: ಈ ಊರು ಅಕ್ಷರಸ್ಥವಾಯಿತಂತೆ, ಲಾಟೀನು ಬೇರೆ ಊರಿಗೆ, ಮೇಷ್ಟ್ರಿಗೂ ಅಲ್ಲಿಗೇ ವರ್ಗ.

ಹೊರಡುವ ಮುಂಚೆ ರೇಣುಕಯ್ಯ ಕ್ಯಾತಣ್ಣನನ್ನು ಕರೆದು ಸ್ಲೇಟಿನ ಮೇಲೆ ಒಂದೇ ಒಂದು ಪದ ತಿದ್ದಿಸಿದರು: ಕುರಿ. "ಇದು ಆ ಹಲಗೆಯಲ್ಲಿ ಇಲ್ಲದಿದ್ದರೆ ನಿನಗೆ ಭಯವಿಲ್ಲಪ್ಪ. ಮೇಕೆ ಹೆಸರಷ್ಟೇ ಇರುತ್ತೆ" ಎಂದರು. ಪಾಪ, ಅವರೂ ಆ ಹಲಗೆಯನ್ನು ಕಂಡವರಲ್ಲ.

ದಾರಿಯುದ್ದಕ್ಕೂ ಕ್ಯಾತಣ್ಣ ಕೋಲಿನ ತುದಿಯಿಂದ ಮಣ್ಣಿನಲ್ಲಿ ಆ ಪದವನ್ನು ಬರೆದ. ಈ ಸಲ ಅಡವಯ್ಯನ ಸೊಕ್ಕು ಮುರಿಯುತ್ತೇನೆಂದು ಅವನ ಎದೆ ಹಿಗ್ಗಿತ್ತು.

ಹಲಗೆಯಲ್ಲಿ ಇದ್ದದ್ದು ಇಷ್ಟು: "ಮೇಕೆಗಳನ್ನು ಬಿಡಕೂಡದು. ಕುರಿ ಮೇಯಿಸಲು ಅಡ್ಡಿಯಿಲ್ಲ."

ಕ್ಯಾತಣ್ಣನ ಕಣ್ಣು ಸಾಲಿನಿಂದ ಸಾಲಿಗೆ ತೆವಳಿ ಒಂದು ಕಡೆ ನಿಂತಿತು. ತಾನು ಬಲ್ಲ ಆ ಪದ ಅಲ್ಲಿತ್ತು. ಅದರ ಮುಂದಿನ ಅಕ್ಷರಗಳನ್ನು ನೋಡಿದ, ಅವು ಇವನನ್ನು ನೋಡಿದವು.

"ಏನ್ ಬರ್ದೈತೆ ಹೇಳು ಮತ್ತೆ" ಎಂದ ಅಡವಯ್ಯ.

"ಕುರಿ ಅಂತ್ಲೇ ಐತೆ ಕಣಣ್ಣ. ಇಷ್ಟ್ ದಿನ ನಿನ್ನ ಸುಮ್ಕೆ ಬೈದ್ಬುಟ್ಟೆ."

ಜಗಳವಿಲ್ಲದೆ ಒಂದು ಮರಿಯನ್ನು ತಾನೇ ಎತ್ತಿ ಕೊಟ್ಟ. ಹಿಂದೆ ಬಂದ ಹಟ್ಟಿಯ ಕುರಿಗಾರರು ಅಡವಯ್ಯನ ಮೇಲೆ ರೇಗಿದಾಗ ಅವರನ್ನೂ ತಡೆದ. "ಅವ್ನದೇನೂ ತಪ್ಪಿಲ್ಲ ಕಣ್ರಲಾ, ನಾನೇ ಕಣ್ಣಾರೆ ಓದಿದೀನಿ" ಎಂದ. ಓದು ಬಲ್ಲವನ ಮಾತೆಂದು ಅವರೂ ಒಬ್ಬೊಬ್ಬರಾಗಿ ಮರಿ ಕೊಟ್ಟರು.